ಸ್ಕೇಲ್ 3ರಿಂದ 4ಕ್ಕೆ: ಬ್ಯಾಂಕ್‌ನ ಹೆಣ್ಣುಮಕ್ಕಳು ಎಲ್ಲಿ ನಿಂತುಬಿಡುತ್ತಾರೆ?

2013ರ ನವೆಂಬರ್‌ನಲ್ಲಿ ನಮ್ಮ ದೇಶದ ಬ್ಯಾಂಕ್‌ಗಳ ಮುಖ್ಯಸ್ಥರು ಯಾರ್ಯಾರು ಅಂತ ನೋಡಿದ್ದರೆ ಅಚ್ಚರಿಯಾಗುತ್ತಿತ್ತು. ಎಸ್‌ಬಿಐಗೆ ಅರುಂಧತಿ ಭಟ್ಟಾಚಾರ್ಯ. ಬ್ಯಾಂಕ್ ಆಫ್ ಇಂಡಿಯಾಗೆ ವಿಜಯಲಕ್ಷ್ಮಿ ಅಯ್ಯರ್. ಅಲಹಾಬಾದ್ ಬ್ಯಾಂಕ್‌ಗೆ ಶುಭಲಕ್ಷ್ಮಿ ಪಾನ್ಸೆ. ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾಗೆ ಅರ್ಚನಾ ಭಾರ್ಗವ. ಅದೇ ತಿಂಗಳು ಮುಂಬೈಯಲ್ಲಿ ಶುರುವಾದ ಭಾರತೀಯ ಮಹಿಳಾ ಬ್ಯಾಂಕ್‌ಗೆ ಉಷಾ ಅನಂತಸುಬ್ರಮಣಿಯನ್. ಖಾಸಗಿಯವರಲ್ಲಿ ಐಸಿಐಸಿಐಗೆ ಚಂದಾ ಕೊಚ್ಚರ್, ಆಕ್ಸಿಸ್‌ಗೆ ಶಿಖಾ ಶರ್ಮಾ. ಎಚ್‌ಎಸ್‌ಬಿಸಿಯ ಭಾರತದ ವ್ಯವಹಾರಕ್ಕೆ ನೈನಾ ಲಾಲ್ ಕಿದ್ವಾಯಿ. ಅಮೆರಿಕದ ದೊಡ್ಡ ವಾಲ್‌ಸ್ಟ್ರೀಟ್ ಬ್ಯಾಂಕೊಂದಕ್ಕೆ ಮೊದಲ ಮಹಿಳಾ ಸಿಇಒ ಬಂದದ್ದು 2021ರಲ್ಲಿ, ಸಿಟಿಗ್ರೂಪ್‌ಗೆ ಜೇನ್ ಫ್ರೇಸರ್. ಅಂದರೆ ಈ ವಿಷಯದಲ್ಲಿ ನಾವು ಅವರಿಗಿಂತ ಎಷ್ಟೋ ಮುಂದಿದ್ದೆವು.

ಈಗ ಹತ್ತು ವರ್ಷ ಈಚೆಗೆ ಬನ್ನಿ. 2022ರ ಜೂನ್‌ನಿಂದ 2025ರ ಜೂನ್‌ವರೆಗೆ ದೇಶದ 12 ಸರ್ಕಾರಿ ಬ್ಯಾಂಕ್‌ಗಳಲ್ಲಿ ಒಂದಕ್ಕೆ ಮಾತ್ರ ಮಹಿಳೆ ಎಂಡಿ, ಅಂದರೆ ವ್ಯವಸ್ಥಾಪಕ ನಿರ್ದೇಶಕಿ, ಆಗಿದ್ದರು. ಯೂನಿಯನ್ ಬ್ಯಾಂಕ್‌ನ ಎ. ಮಣಿಮೇಖಲೈ. ಉಳಿದ 11 ಕುರ್ಚಿಗಳಲ್ಲೂ ಗಂಡಸರೇ. ಕೊಚ್ಚರ್ ಮತ್ತು ಶರ್ಮಾ ಇಬ್ಬರೂ 2018ರಲ್ಲಿ ಹೊರಬಿದ್ದರು. ಆಮೇಲೆ ಆ ಎರಡೂ ಬ್ಯಾಂಕ್‌ಗಳಿಗೆ ಬಂದವರು ಗಂಡಸರು.

ಹಾಗಾದರೆ ಏನಾಯ್ತು? ಹೆಣ್ಣುಮಕ್ಕಳು ಬ್ಯಾಂಕ್‌ಗೆ ಬರುವುದು ಕಡಿಮೆಯಾಯ್ತಾ? ಇಲ್ಲ, ಜಾಸ್ತಿಯೇ ಆಗಿದೆ. ಯಾವ ಊರಿನ ಶಾಖೆಗೆ ಹೋದರೂ ಕೌಂಟರ್‌ನಲ್ಲಿ ಕಾಣುತ್ತಾರೆ. 2025ರಲ್ಲಿ ಎಸ್‌ಬಿಐ ಹೇಳಿದ ಲೆಕ್ಕ ನೋಡಿ: ಗ್ರಾಹಕರಿಗೆ ಎದುರಾಗುವ ಸಿಬ್ಬಂದಿಯಲ್ಲಿ ಮಹಿಳೆಯರು ಸುಮಾರು ಶೇ. 33. ಇಡೀ ಬ್ಯಾಂಕ್ ತೆಗೆದುಕೊಂಡರೆ ಸುಮಾರು ಶೇ. 27. ಒಟ್ಟು ಸಿಬ್ಬಂದಿ ಎರಡು ಲಕ್ಷ ಮೀರಿದ ಸಂಸ್ಥೆ ಅದು. ಅಲ್ಲಿ ಆರು ಪರ್ಸೆಂಟ್ ವ್ಯತ್ಯಾಸ ಸಣ್ಣದಲ್ಲ. ಮೇಲಕ್ಕೆ ಹೋದಷ್ಟೂ ಇದು ಇನ್ನೂ ಇಳಿಯುತ್ತದೆ.

ಕಾರಣ ಹುಡುಕುವವರು ಸಾಮಾನ್ಯವಾಗಿ ಎರಡು ತುದಿ ನೋಡುತ್ತಾರೆ. ಒಂದು, ಕೆಲಸಕ್ಕೆ ಸೇರುವ ಬಾಗಿಲು. ಇನ್ನೊಂದು, ಕೊನೆಯ ಸಂದರ್ಶನದ ಕೋಣೆ. ನನ್ನ ಪ್ರಕಾರ ಕಥೆ ಇರುವುದು ಇವೆರಡರ ನಡುವೆ. ಮೂವತ್ತರಿಂದ ನಲವತ್ತೆರಡು ವಯಸ್ಸಿನ ಒಳಗೆ, ಒಂದು ವರ್ಗಾವಣೆ ಆದೇಶದಲ್ಲಿ.

ಮೆಟ್ಟಿಲು ಹೇಗಿದೆ

ಸರ್ಕಾರಿ ಬ್ಯಾಂಕ್‌ನಲ್ಲಿ ಅಧಿಕಾರಿಯಾಗಿ ಸೇರುವವರು ಸ್ಕೇಲ್ 1ರಲ್ಲಿ ಸೇರುತ್ತಾರೆ. ಪಿಒ, ಅಂದರೆ ಪ್ರೊಬೇಷನರಿ ಅಧಿಕಾರಿ ಪರೀಕ್ಷೆ ಬರೆದು ಬಂದವರು. ಈ ಬಾಗಿಲಲ್ಲಿ ಪಕ್ಷಪಾತಕ್ಕೆ ಜಾಗ ಕಡಿಮೆ. ಕಂಪ್ಯೂಟರ್‌ಗೆ ನೀವು ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ಆಮೇಲೆ ಸ್ಕೇಲ್ 2 ಮ್ಯಾನೇಜರ್, 3 ಸೀನಿಯರ್ ಮ್ಯಾನೇಜರ್, 4 ಚೀಫ್ ಮ್ಯಾನೇಜರ್, 5 ಎಜಿಎಂ (ಸಹಾಯಕ ಜನರಲ್ ಮ್ಯಾನೇಜರ್), 6 ಡಿಜಿಎಂ (ಉಪ ಜನರಲ್ ಮ್ಯಾನೇಜರ್), 7 ಜಿಎಂ (ಜನರಲ್ ಮ್ಯಾನೇಜರ್). ದೊಡ್ಡ ಬ್ಯಾಂಕ್‌ಗಳಲ್ಲಿ ಅದರ ಮೇಲೆ ಸಿಜಿಎಂ, ಅಂದರೆ ಚೀಫ್ ಜನರಲ್ ಮ್ಯಾನೇಜರ್. ಆಮೇಲೆ ಇಡಿ, ಅಂದರೆ ಕಾರ್ಯನಿರ್ವಾಹಕ ನಿರ್ದೇಶಕರು. ತುದಿಯಲ್ಲಿ ಎಂಡಿ ಮತ್ತು ಸಿಇಒ. ಜಿಎಂವರೆಗೆ ಬಡ್ತಿ ಕೊಡುವುದು ಬ್ಯಾಂಕೇ. ಇಡಿ ಮತ್ತು ಎಂಡಿ ಹುದ್ದೆಗೆ ಹೆಸರು ಶಿಫಾರಸು ಮಾಡುವುದು ಎಫ್‌ಎಸ್‌ಐಬಿ ಎಂಬ ಸಂಸ್ಥೆ, ನೇಮಿಸುವುದು ಕೇಂದ್ರ ಸರ್ಕಾರ. 2022ಕ್ಕೆ ಮುಂಚೆ ಈ ಕೆಲಸವನ್ನು ಬ್ಯಾಂಕ್ಸ್ ಬೋರ್ಡ್ ಬ್ಯೂರೋ ಮಾಡುತ್ತಿತ್ತು.

ನಿವೃತ್ತಿ 60ಕ್ಕೆ. ಇಡಿ ಅಥವಾ ಎಂಡಿ ಆಗಬೇಕಾದರೆ ಅದಕ್ಕೆ ಮುಂಚೆ ಸೇವೆ ಇನ್ನೂ ಒಂದಷ್ಟು ಬಾಕಿ ಇರಬೇಕು. ಈ ಒಂದು ನಿಯಮವನ್ನು ನೆನಪಿಟ್ಟುಕೊಳ್ಳಿ.

ಈಗ ಲೆಕ್ಕ ಹಾಕೋಣ. ಒಬ್ಬ ಹುಡುಗಿ 25ಕ್ಕೆ ಪಿಒ ಆದಳು ಅಂದುಕೊಳ್ಳಿ. ಸುಮಾರು ನಾಲ್ಕು ವರ್ಷಕ್ಕೊಂದು ಬಡ್ತಿ ಸಿಕ್ಕರೆ 49ಕ್ಕೆ ಜಿಎಂ. 53ರ ಹೊತ್ತಿಗೆ ಇಡಿ, 56ಕ್ಕೆ ಎಂಡಿ ಆಗಲು ಸಮಯವಿದೆ. ನಡುವೆ ಎಲ್ಲೋ ಒಂದು ಕಡೆ ಐದು ವರ್ಷ ನಿಂತಳು ಅಂದುಕೊಳ್ಳಿ. ಜಿಎಂ ಆಗುವಾಗ 54. ಇಡಿ ಆಗುವಷ್ಟರಲ್ಲಿ 58. ಅಲ್ಲಿಗೆ ಬಾಗಿಲು ಮುಚ್ಚಿತು. ಯಾರೂ ಅವಳನ್ನು ಬೇಡ ಅನ್ನಲಿಲ್ಲ. ಅವಳ ಹೆಸರು ಪಟ್ಟಿಗೇ ಬರಲಿಲ್ಲ, ಅಷ್ಟೆ.

ಆ ಐದು ವರ್ಷ ಹೋಗುವುದು ಎಲ್ಲಿ? ಹೆಚ್ಚಾಗಿ ಸ್ಕೇಲ್ 3ರಿಂದ 4ಕ್ಕೆ ಹೋಗುವಲ್ಲಿ.

ಉದಾಹರಣೆಗೆ ಹಾಸನದ ಒಂದು ಶಾಖೆಯಲ್ಲಿ ಸೀನಿಯರ್ ಮ್ಯಾನೇಜರ್ ಆಗಿರುವ, 37 ವರ್ಷದ ಅಧಿಕಾರಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಗಂಡ ಹಾಸನದಲ್ಲೇ ಪಿಯು ಕಾಲೇಜಿನ ಲೆಕ್ಚರರ್. ದೊಡ್ಡವಳು ಏಳನೇ ಕ್ಲಾಸು, ಚಿಕ್ಕವನಿಗೆ ಐದು ವರ್ಷ. ಮನೆಯಲ್ಲಿ ಅತ್ತೆಗೆ ಮಂಡಿ ನೋವು. ಬಡ್ತಿಯ ಸರ್ಕ್ಯುಲರ್ ಬರುತ್ತದೆ. ಜೊತೆಗೇ ಎಲ್ಲರಿಗೂ ಗೊತ್ತಿರುವ ಒಂದು ಮಾತೂ ಬರುತ್ತದೆ: ಚೀಫ್ ಮ್ಯಾನೇಜರ್ ಆದರೆ ರಾಜ್ಯ ಬಿಟ್ಟು ಹೋಗಬೇಕಾದೀತು. ಪಟ್ನಾ ಆಗಬಹುದು, ರಾಯಪುರ ಆಗಬಹುದು, ಗುವಾಹಟಿ ಆಗಬಹುದು. ಸಂದರ್ಶನದಲ್ಲಿ ಎದುರಾಗುವ ಪ್ರಶ್ನೆಯೂ ಅದೇ. ‘ಎಲ್ಲಿ ಹಾಕಿದರೂ ಹೋಗ್ತೀರಾ ಮೇಡಂ?’

ಅದೇ ಶಾಖೆಯ ಗಂಡು ಸಹೋದ್ಯೋಗಿಗೂ ಇದೇ ಪ್ರಶ್ನೆ ಬರುತ್ತದೆ. ಅವನು ಹೂಂ ಅನ್ನುತ್ತಾನೆ. ಹೆಂಡತಿ ಮಕ್ಕಳನ್ನು ಹಾಸನದಲ್ಲೇ ಬಿಟ್ಟು ಪಟ್ನಾದಲ್ಲಿ ರೂಮು ಮಾಡಿಕೊಂಡು, ಹೋಟೆಲ್ ಊಟ ಮಾಡಿಕೊಂಡು ಮೂರು ವರ್ಷ ಕಳೆಯುತ್ತಾನೆ. ಅವನಿಗೂ ಅದು ಸುಖವಲ್ಲ. ಆದರೆ ಅವನ ಮನೆ ನಡೆಯುತ್ತದೆ, ಯಾಕಂದ್ರೆ ಮನೆಯಲ್ಲಿ ಹೆಂಡತಿ ಇದ್ದಾಳೆ. ಈ ಮೇಡಂ ಹೋದರೆ ಇವರ ಮನೆ ನಡೆಸುವವರು ಯಾರು? ಗಂಡ ‘ಹೋಗು, ನಾನು ನೋಡ್ಕೋತೀನಿ’ ಅನ್ನುವ ಮನೆಗಳೂ ಇವೆ. ಎಷ್ಟಿವೆ ಅಂತ ನಿಮ್ಮ ಬಂಧು ಬಳಗದಲ್ಲೇ ಎಣಿಸಿ ನೋಡಿ.

ಹೀಗಾಗಿ ಅವರು ಆ ವರ್ಷ ಅರ್ಜಿ ಹಾಕುವುದಿಲ್ಲ. ‘ದೊಡ್ಡವಳ ಟೆನ್ತ್ ಮುಗೀಲಿ’ ಅಂತಾರೆ. ಟೆನ್ತ್ ಮುಗಿದ ಮೇಲೆ ಪಿಯುಸಿ ಇರುತ್ತದೆ. ಅದಾದ ಮೇಲೆ ಚಿಕ್ಕವನ ಟೆನ್ತ್. ಬಡ್ತಿ ಸಿಕ್ಕ ಮೇಲೆ ಬೇಡ ಅಂದರೆ ಇನ್ನೂ ತೊಂದರೆ. ಹಲವು ಬ್ಯಾಂಕ್‌ಗಳಲ್ಲಿ ಆಮೇಲೆ ಕೆಲವು ವರ್ಷ ಬಡ್ತಿಗೆ ಪರಿಗಣಿಸುವುದೇ ಇಲ್ಲ.

ಅನುಕೂಲ ಮಾಡಿಕೊಟ್ಟದ್ದೇ ಅಡ್ಡ ಬಂದಾಗ

ಇದು ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. 2014ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕ್‌ಗಳಿಗೆ ಒಂದು ಸೂಚನೆ ಕೊಟ್ಟಿತು. ಮದುವೆಯಾದ ಮಹಿಳೆ ಕೇಳಿಕೊಂಡರೆ ಗಂಡ ಇರುವ ಊರಿಗೆ ಅಥವಾ ಅದರ ಹತ್ತಿರಕ್ಕೆ, ಮದುವೆಯಾಗದವರಾದರೆ ತಂದೆತಾಯಿ ಇರುವ ಊರಿನ ಹತ್ತಿರಕ್ಕೆ, ಸಾಧ್ಯವಾದ ಮಟ್ಟಿಗೆ ಪೋಸ್ಟಿಂಗ್ ಕೊಡಿ ಅಂತ. ಒಳ್ಳೆಯ ಸೂಚನೆ. ಎಷ್ಟೋ ಜನ ಕೆಲಸ ಬಿಡದೆ ಉಳಿದದ್ದು ಇದರಿಂದಲೇ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬ್ಯಾಂಕ್‌ನಲ್ಲಿ ಮೇಲೆ ಹೋಗಲು ಬೇಕಾದ ಅನುಭವ ಊರೂರು ಸುತ್ತಿದರೇ ಸಿಗುವಂತೆ ವ್ಯವಸ್ಥೆ ಕಟ್ಟಲಾಗಿದೆ. ಹಳ್ಳಿ ಶಾಖೆಯಲ್ಲಿ ಕೆಲಸ ಮಾಡಿರಬೇಕು. ದೊಡ್ಡ ಶಾಖೆ ನಡೆಸಿರಬೇಕು. ಪ್ರಾದೇಶಿಕ ಕಚೇರಿ ನೋಡಿರಬೇಕು. ವಲಯ ಕಚೇರಿ, ಪ್ರಧಾನ ಕಚೇರಿ, ಸಾಧ್ಯವಾದರೆ ಒಂದು ವಿದೇಶಿ ಶಾಖೆ. ಇಷ್ಟೆಲ್ಲ ಇದ್ದರೆ ಬಯೋಡೇಟಾ ತೂಕವಾಗುತ್ತದೆ. ಗಂಡನ ಊರಿನ ಹತ್ತಿರ ಪೋಸ್ಟಿಂಗ್ ಪಡೆದವರ ಬಯೋಡೇಟಾದಲ್ಲಿ ಒಂದೇ ಜಿಲ್ಲೆಯ ನಾಲ್ಕು ಶಾಖೆಗಳ ಹೆಸರು ಇರುತ್ತದೆ. ರಿಯಾಯಿತಿ ಕೆಲಸವನ್ನು ಉಳಿಸಿತು, ಮೇಲಿನ ದಾರಿಯನ್ನು ಮಾತ್ರ ಹಾಗೇ ಬಿಟ್ಟಿತು. ವರ್ಗಾವಣೆ ಯಾಕೆ ಅಷ್ಟು ದೂರಕ್ಕೇ ಇರಬೇಕು ಅನ್ನುವ ಪ್ರಶ್ನೆ ಪಕ್ಕಕ್ಕೆ ಸರಿಯಿತು. ಹೆಣ್ಣುಮಕ್ಕಳಿಗೆ ಕಷ್ಟ ಅಲ್ವಾ, ವಿನಾಯಿತಿ ಕೊಡೋಣ ಅನ್ನುವಲ್ಲಿಗೆ ಮಾತು ನಿಂತುಹೋಯಿತು.

ಎಸ್‌ಬಿಐನ ಅರುಂಧತಿ ಭಟ್ಟಾಚಾರ್ಯ ಈ ದಾರಿಯನ್ನು ಪೂರ್ತಿ ನಡೆದವರು. 1977ರಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿ, ಊರಿಂದ ಊರಿಗೆ ಸುತ್ತಿ, ನ್ಯೂಯಾರ್ಕ್‌ನಲ್ಲೂ ಕೆಲಸ ಮಾಡಿ, 2013ರ ಅಕ್ಟೋಬರ್‌ನಲ್ಲಿ ಅಧ್ಯಕ್ಷೆಯಾದರು. 1806ರ ಬ್ಯಾಂಕ್ ಆಫ್ ಕಲ್ಕತ್ತಾದಿಂದ ಲೆಕ್ಕ ಹಾಕಿದರೆ ಆ ಸಂಸ್ಥೆಯ ಇನ್ನೂರು ವರ್ಷದ ಇತಿಹಾಸದಲ್ಲಿ ಮೊದಲ ಮಹಿಳೆ. ಅವರೂ ಒಂದು ವರ್ಗಾವಣೆ ಸಮಯದಲ್ಲಿ, ಮಗಳ ಶಾಲೆಯ ತೊಂದರೆಯಿಂದ, ಕೆಲಸ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿಕೊಂಡಿದ್ದಾರೆ. ಅಧ್ಯಕ್ಷೆಯಾದ ಮೇಲೆ ಅವರು ತಂದ ಒಂದು ಮುಖ್ಯ ಬದಲಾವಣೆ ಏನು ಗೊತ್ತಾ? ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳಲು ಮಹಿಳಾ ಸಿಬ್ಬಂದಿಗೆ ಎರಡು ವರ್ಷದವರೆಗೆ ರಜೆ. ಕೆಲಸ ಹೋಗುವುದಿಲ್ಲ, ವಾಪಸ್ ಬರಬಹುದು. ಎಲ್ಲಿ ನೋಯುತ್ತದೆ ಅಂತ ಗೊತ್ತಿದ್ದವರು ಮಾಡಿದ ಕೆಲಸ ಅದು.

ಐಸಿಐಸಿಐಯಲ್ಲಿ ಯಾಕೆ ಬೇರೆ ಥರ ಆಯ್ತು?

ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಕೆ.ವಿ. ಕಾಮತ್ ಐಸಿಐಸಿಐ ನಡೆಸುತ್ತಿದ್ದ ಕಾಲದಲ್ಲಿ ಅವರ ಸುತ್ತ ಇದ್ದ ಹೆಸರುಗಳನ್ನು ನೋಡಿ. ಲಲಿತಾ ಗುಪ್ತೆ, ಕಲ್ಪನಾ ಮೊರ್ಪಾರಿಯಾ, ಶಿಖಾ ಶರ್ಮಾ, ಚಂದಾ ಕೊಚ್ಚರ್, ರೇಣುಕಾ ರಾಮನಾಥ್, ಮಾಧವಿ ಪುರಿ ಬುಚ್. 2009ರಲ್ಲಿ ಕೊಚ್ಚರ್ ಎಂಡಿಯಾದರು. ಅದೇ ವರ್ಷ ಶಿಖಾ ಶರ್ಮಾ ಆಕ್ಸಿಸ್ ಬ್ಯಾಂಕ್‌ಗೆ ಮುಖ್ಯಸ್ಥೆಯಾಗಿ ಹೋದರು. ಮೊರ್ಪಾರಿಯಾ ಜೆಪಿ ಮಾರ್ಗನ್‌ನ ಭಾರತದ ವ್ಯವಹಾರ ನೋಡಿಕೊಂಡರು. ಮಾಧವಿ ಪುರಿ ಬುಚ್ ಮುಂದೆ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಕ್ಷೆಯಾದರು.

ಇದನ್ನು ಸಾಮಾನ್ಯವಾಗಿ ನಾಯಕತ್ವದ ಗುಣ ಅಂತ ಹೊಗಳುತ್ತಾರೆ. ಇರಬಹುದು, ಕೆಲಸ ನೋಡಿ ಜವಾಬ್ದಾರಿ ಕೊಟ್ಟಿದ್ದು ನಿಜ. ಆದರೆ ಇನ್ನೊಂದು ಸರಳ ಕಾರಣವನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಇವರಲ್ಲಿ ಹಲವರು ಸೇರಿದಾಗ ಐಸಿಐಸಿಐ ಊರೂರಿನ ಶಾಖೆಗಳ ಬ್ಯಾಂಕ್ ಆಗಿರಲಿಲ್ಲ. ಕೈಗಾರಿಕೆಗಳಿಗೆ ಸಾಲ ಕೊಡುವ ಸಂಸ್ಥೆಯಾಗಿತ್ತು. ಲಲಿತಾ ಗುಪ್ತೆ ಸೇರಿದ್ದು 1971ರಲ್ಲಿ, ಕೊಚ್ಚರ್ 1984ರಲ್ಲಿ. ಪ್ರಧಾನ ಕಚೇರಿ ಮುಂಬೈ. ಮುಖ್ಯ ಕೆಲಸವೂ ಅಲ್ಲೇ. ಮೇಲೆ ಹೋಗಬೇಕಾದರೆ ಮೂರು ವರ್ಷ ಪಟ್ನಾ, ಮೂರು ವರ್ಷ ಭೋಪಾಲ್ ಅನ್ನುವ ಕಡ್ಡಾಯ ಇರಲಿಲ್ಲ.

ಇದೇ ಕಣ್ಣಿನಿಂದ ಬೇರೆ ಕಡೆ ನೋಡಿ. 1993ರಲ್ಲಿ ರಫ್ತು-ಆಮದಿಗೆ ಸಾಲ ಕೊಡುವ ಎಕ್ಸಿಮ್ ಬ್ಯಾಂಕ್ ಮುಖ್ಯಸ್ಥೆಯಾದ ತರ್ಜನಿ ವಕೀಲ್ ಅವರದ್ದೂ ಮುಂಬೈನ ಸಂಸ್ಥೆ. ವಿದೇಶಿ ಬ್ಯಾಂಕ್‌ಗಳಿಗೂ ಇಲ್ಲಿ ಶಾಖೆಗಳು ಕಡಿಮೆ, ಇದ್ದರೂ ದೊಡ್ಡ ನಗರಗಳಲ್ಲಿ. ರಿಸರ್ವ್ ಬ್ಯಾಂಕ್‌ನಲ್ಲೂ ವರ್ಗಾವಣೆ ಇದೆ, ಆದರೆ ಹೆಚ್ಚಾಗಿ ರಾಜಧಾನಿಗಳಿಗೆ. ಅಲ್ಲಿ 2003ರಲ್ಲಿ ಕೆ.ಜೆ. ಉದೇಶಿ ಮೊದಲ ಮಹಿಳಾ ಡೆಪ್ಯುಟಿ ಗವರ್ನರ್ ಆದರು. ಬೆನ್ನಿಗೇ ಶ್ಯಾಮಲಾ ಗೋಪಿನಾಥ್, ಉಷಾ ಥೋರಟ್ ಬಂದರು. ದಾರಿ ಊರೂರು ಸುತ್ತಿಸದ ಕಡೆ ಹೆಣ್ಣುಮಕ್ಕಳು ಮೇಲೆ ಬಂದಿದ್ದಾರೆ. ಸಾಮರ್ಥ್ಯ ಎರಡೂ ಕಡೆ ಅದೇ, ಅಲ್ವಾ?

ಹಾಗಂತ ಒಂದು ಸಲ ಬಂದದ್ದು ಶಾಶ್ವತ ಅಂತಲೂ ಅಲ್ಲ. ಗೋಪಿನಾಥ್ ಅವರು 2011ರಲ್ಲಿ ಹೊರಬಂದ ಮೇಲೆ ಡೆಪ್ಯುಟಿ ಗವರ್ನರ್ ಹುದ್ದೆಗೆ ಇನ್ನೊಬ್ಬ ಮಹಿಳೆ ಬಂದದ್ದು 2025ರಲ್ಲಿ, ಪೂನಂ ಗುಪ್ತಾ. ಅವರು ಅರ್ಥಶಾಸ್ತ್ರಜ್ಞೆ, ಹೊರಗಿನಿಂದ ಬಂದವರು. ಗವರ್ನರ್ ಕುರ್ಚಿಯಲ್ಲಿ ಇವತ್ತಿನವರೆಗೆ ಮಹಿಳೆ ಕೂತಿಲ್ಲ.

ಕೊಚ್ಚರ್ ಅವರು ಸಾಲವೊಂದರ ವಿವಾದದ ನಡುವೆ ಹುದ್ದೆ ಬಿಟ್ಟಾಗ ಕೆಲವರು ‘ನೋಡಿ, ಹೆಂಗಸರಿಗೆ ಕೊಟ್ಟರೆ ಹೀಗೇ’ ಅಂದದ್ದುಂಟು. ಖಾಸಗಿ ಬ್ಯಾಂಕ್ ನಡೆಸಿದ ಗಂಡಸರ ಮೇಲೂ ದೊಡ್ಡ ಆರೋಪ ಬಂದಿವೆ, ಜೈಲಿಗೂ ಹೋಗಿದ್ದಾರೆ. ಆಗ ‘ಇನ್ಮೇಲೆ ಗಂಡಸರಿಗೆ ಕೊಡೋದು ಬೇಡ’ ಅಂತ ಯಾರಾದರೂ ಅಂದದ್ದು ನನಗೆ ಕೇಳಿಸಲಿಲ್ಲ.

2013 ಒಂದು ಬೆಳೆ, ಬಿತ್ತಿದ್ದು ಯಾವಾಗಲೋ

ಎಂಡಿ ಒಬ್ಬರು ತಯಾರಾಗಲು ಮೂವತ್ತು ವರ್ಷ ಬೇಕು. 2013ರ ಸರ್ಕಾರಿ ಬ್ಯಾಂಕ್ ಮುಖ್ಯಸ್ಥೆಯರು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕದ ಮೊದಲಲ್ಲಿ. 1969ರಲ್ಲಿ 14 ಬ್ಯಾಂಕ್‌ಗಳು ರಾಷ್ಟ್ರೀಕರಣವಾದವು. ಶಾಖೆಗಳು ಹಳ್ಳಿಹಳ್ಳಿಗೆ ಬಂದವು. ಪರೀಕ್ಷೆ ಮೂಲಕ ದೊಡ್ಡ ಪ್ರಮಾಣದಲ್ಲಿ ನೇಮಕ ಶುರುವಾಯಿತು. ಆಗ ಒಳಗೆ ಬಂದ ಹೆಣ್ಣುಮಕ್ಕಳಲ್ಲಿ ಕೆಲವರು ಮೂವತ್ತೈದು ವರ್ಷದ ನಂತರ ತುದಿ ಮುಟ್ಟಿದರು.

ಆಮೇಲೆ? ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಂತು, ಉದಾರೀಕರಣ ಬಂತು. ಸರ್ಕಾರಿ ಬ್ಯಾಂಕ್‌ಗಳು ನೇಮಕವನ್ನು ಬಹುಪಾಲು ನಿಲ್ಲಿಸಿಬಿಟ್ಟವು. 2000–01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ತಂದಾಗ ಸುಮಾರು ಒಂದು ಲಕ್ಷ ಮಂದಿ ಹೊರಗೆ ಹೋದರು. ಆ ಕಾಲದ ಬ್ಯಾಂಕ್ ಕ್ಯಾಂಟೀನಿನಲ್ಲಿ ಕೂತವರಿಗೆ ನೆನಪಿರುತ್ತದೆ: ‘ಗಂಡನ ಸಂಬಳ ಇದೆಯಲ್ಲ, ನೀವು ತಗೊಂಡುಬಿಡಿ’ ಅನ್ನುವ ಸಲಹೆ ಯಾರಿಗೆ ಸುಲಭವಾಗಿ ಸಿಗುತ್ತಿತ್ತು ಅಂತ. ನೇಮಕ ಮತ್ತೆ ಭರದಿಂದ ಶುರುವಾದದ್ದು 2010ರ ಆಸುಪಾಸಿನಲ್ಲಿ. ಹೀಗಾಗಿ ಈಗ 50–58 ವಯಸ್ಸಿನಲ್ಲಿ ಇರಬೇಕಾಗಿದ್ದ ಒಂದಿಡೀ ತಲೆಮಾರು ಹೆಣ್ಣಲ್ಲೂ ಗಂಡಲ್ಲೂ ತೆಳುವಾಗಿದೆ. ಗಂಡಸರು ತೆಳುವಾದರೂ ಹನ್ನೊಂದು ಕುರ್ಚಿ ತುಂಬುವಷ್ಟಿದ್ದಾರೆ. ಮೊದಲೇ ಕಡಿಮೆ ಇದ್ದ ಮಹಿಳೆಯರು ಇನ್ನೂ ತೆಳುವಾದರೆ ಕೈಯಲ್ಲಿ ಎಣಿಸುವಷ್ಟು ಉಳಿಯುತ್ತಾರೆ.

ಕುರ್ಚಿಗಳೂ ಕಡಿಮೆಯಾದವು. 2017ರ ಮಾರ್ಚ್‌ನಲ್ಲಿ ಎರಡು ಡಜನ್‌ಗಿಂತ ಜಾಸ್ತಿ ಇದ್ದ ಸರ್ಕಾರಿ ಬ್ಯಾಂಕ್‌ಗಳು 2020ರ ಏಪ್ರಿಲ್ ಹೊತ್ತಿಗೆ ವಿಲೀನವಾಗಿ 12ಕ್ಕೆ ಇಳಿದವು. ಮಹಿಳಾ ಬ್ಯಾಂಕ್ ಕೂಡ ನಾಲ್ಕು ವರ್ಷ ತುಂಬುವ ಮುಂಚೆ ಎಸ್‌ಬಿಐನೊಳಗೆ ಸೇರಿಹೋಯ್ತು. ನಮ್ಮ ಕರಾವಳಿಯ ಕಾರ್ಪೊರೇಷನ್ ಬ್ಯಾಂಕ್ ಕಥೆ ಇಲ್ಲಿ ಹೇಳಲೇಬೇಕು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕ್. ಅದಕ್ಕೆ ಮೊದಲ ಮಹಿಳಾ ಎಂಡಿ ಬಂದದ್ದು 2019ರ ಫೆಬ್ರವರಿಯಲ್ಲಿ, ಪಿ.ವಿ. ಭಾರತಿ. ಕೆನರಾ ಬ್ಯಾಂಕ್‌ನಲ್ಲಿ ವೃತ್ತಿ ಶುರು ಮಾಡಿದವರು. ಅವರು ಬರುವಾಗ ಬ್ಯಾಂಕ್ ಕೆಟ್ಟ ಸಾಲದ ಹೊರೆಯಿಂದ ರಿಸರ್ವ್ ಬ್ಯಾಂಕ್‌ನ ನಿರ್ಬಂಧದಲ್ಲಿತ್ತು. ಒಂದು ವರ್ಷ ಚಿಲ್ಲರೆಯಲ್ಲಿ ಬ್ಯಾಂಕೇ ಯೂನಿಯನ್ ಬ್ಯಾಂಕ್‌ನಲ್ಲಿ ಕರಗಿತು. ಮೊದಲ ಮಹಿಳಾ ಎಂಡಿಯೇ ಕೊನೆಯ ಎಂಡಿ.

ಆ ಯೂನಿಯನ್ ಬ್ಯಾಂಕ್‌ಗೆ ಆಮೇಲೆ ಬಂದ ಮಣಿಮೇಖಲೈ ಅವರೂ ನಮ್ಮ ಕರಾವಳಿಯ ಬ್ಯಾಂಕ್‌ಗಳಲ್ಲೇ ಬೆಳೆದವರು. ವಿಜಯಾ ಬ್ಯಾಂಕ್‌ಗೆ 1988ರಲ್ಲಿ ಸೇರಿ, ಕೆನರಾ ಬ್ಯಾಂಕ್‌ನಲ್ಲಿ ಇಡಿ ಆಗಿದ್ದವರು. ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಅದಕ್ಕೂ ಮುಂಚೆ, 1890ರ ದಶಕದಲ್ಲೇ, ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು ಅನ್ನುವುದು ನೆನಪಾಗುತ್ತದೆ. ಓದಿಸಬೇಕು ಅನ್ನುವಲ್ಲಿಗೆ ನಮ್ಮವರು ಬೇಗ ಬಂದರು. ಬ್ಯಾಂಕ್ ನಡೆಸಲಿ ಅನ್ನುವಲ್ಲಿಗೆ ಬರಲು ನೂರು ವರ್ಷ ಸಾಲಲಿಲ್ಲ.

ಸೋತ ಬ್ಯಾಂಕ್ ಮಹಿಳೆಯ ಕೈಗೆ ಬರುವುದು ಭಾರತಿಯವರ ಕಾಲಕ್ಕೇ ಮೊದಲಲ್ಲ. ಇಂಡಿಯನ್ ಬ್ಯಾಂಕ್ 1995–96ರಲ್ಲಿ 1,336 ಕೋಟಿ ರೂಪಾಯಿ ನಷ್ಟ ತೋರಿಸಿತ್ತು. 2000ದಲ್ಲಿ ಅದರ ಚುಕ್ಕಾಣಿ ಹಿಡಿದವರು ರಂಜನಾ ಕುಮಾರ್. ಎರಡು ವರ್ಷದಲ್ಲಿ ಲಾಭಕ್ಕೆ ತಂದರು.

ಯಾವ ಮೇಜು, ಯಾವ ಸಾಲ

ವರ್ಗಾವಣೆ ಒಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಒಂದೇ ಕಚೇರಿಯೊಳಗೂ ದಾರಿ ಎರಡಾಗುತ್ತದೆ. ಎಂಡಿ ಆಗುವವರ ಬೆನ್ನಿಗೆ ಸಾಮಾನ್ಯವಾಗಿ ದೊಡ್ಡ ಸಾಲ, ಟ್ರೆಷರಿ (ಬ್ಯಾಂಕಿನ ಹಣದ ಹೂಡಿಕೆ), ರಿಸ್ಕ್ (ಅಪಾಯ ನಿರ್ವಹಣೆ), ವಸೂಲಿಯ ಅನುಭವ ಇರುತ್ತದೆ. ಎಚ್‌ಆರ್, ತರಬೇತಿ, ಗ್ರಾಹಕ ಸೇವೆ, ಠೇವಣಿ ಇವೂ ಬೇಕು, ಆದರೆ ಇವುಗಳಿಂದ ತುದಿಗೆ ಹೋಗುವುದು ಅಪರೂಪ. ‘ಮೇಡಂಗೆ ರಿಕವರಿ ಬೇಡ, ಸಂಜೆ ಲೇಟಾಗುತ್ತೆ’ ಅಂತ ಮೇಲಧಿಕಾರಿ ಒಳ್ಳೆ ಮನಸ್ಸಿನಿಂದಲೇ ಡೆಪಾಸಿಟ್ ಸೆಕ್ಷನ್ ಕೊಡುತ್ತಾನೆ. ಮೇಡಂ ಕೂಡ ಆ ಹೊತ್ತಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹತ್ತು ವರ್ಷ ಬಿಟ್ಟು ಡಿಜಿಎಂ ಸಂದರ್ಶನದಲ್ಲಿ ‘ದೊಡ್ಡ ಸಾಲ ಎಷ್ಟು ಹ್ಯಾಂಡಲ್ ಮಾಡಿದ್ದೀರಿ?’ ಅಂತ ಕೇಳಿದಾಗ ಅದರ ಬೆಲೆ ತಿಳಿಯುತ್ತದೆ.

ಇದರ ಜೊತೆಗೆ ಸಾಲದ ವಿಭಾಗದಲ್ಲಿ ಭಯವೂ ಇದೆ. ಕೊಟ್ಟ ಸಾಲ ಕೆಟ್ಟರೆ ವಿಚಾರಣೆ. ವಿಜಿಲೆನ್ಸ್ ಕ್ಲಿಯರೆನ್ಸ್, ಅಂದರೆ ಅಕ್ರಮದ ಆರೋಪ ಬಾಕಿಯಿಲ್ಲ ಅನ್ನುವ ಒಪ್ಪಿಗೆ, ಇಲ್ಲದೆ ಮೇಲಿನ ಬಡ್ತಿ ಇಲ್ಲ. ಇಂಥ ಕಡೆ ಹಿಂದೆ ನಿಂತು ‘ಮಾಡಿ, ನಾನಿದ್ದೀನಿ’ ಅನ್ನುವ ಹಿರಿಯರು ಬೇಕು. ಆ ಹಿರಿಯರು ಸಿಗುವುದು ಸಂಜೆಯ ಕ್ಲಬ್ಬಿನಲ್ಲಿ, ಅಧಿಕಾರಿಗಳ ಸಂಘದ ಸಭೆಯಲ್ಲಿ, ಟೂರಿನ ಊಟದಲ್ಲಿ. ಸಂಜೆ ಆರಕ್ಕೆ ಮನೆ ಸೇರಬೇಕಾದವರು ಅಲ್ಲಿ ಇರುವುದಿಲ್ಲ.

ಕಾನೂನು ಏನು ಮಾಡಿದೆ? 2013ರ ಕಂಪನಿ ಕಾಯ್ದೆ ಷೇರು ಪೇಟೆಯಲ್ಲಿರುವ ಕಂಪನಿಗಳ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು ಅಂದಿತು. 2020ರ ಏಪ್ರಿಲ್‌ನಿಂದ ದೊಡ್ಡ ಸಾವಿರ ಕಂಪನಿಗಳಲ್ಲಿ ಸ್ವತಂತ್ರ ಮಹಿಳಾ ನಿರ್ದೇಶಕಿಯೇ ಬೇಕು ಅಂತ ಸೆಬಿ ಸೇರಿಸಿತು. ಒಳ್ಳೆಯದೇ. ಆದರೆ ಮಂಡಳಿ ಸಭೆಗೆ ಬಂದು ಹೋಗುವ ಸ್ವತಂತ್ರ ನಿರ್ದೇಶಕಿ ಬೇರೆ, ದಿನಾ ಬ್ಯಾಂಕ್ ನಡೆಸುವ ಇಡಿ ಬೇರೆ. ಫೋಟೊದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಯಾರಿಗೆ ಯಾವ ಶಾಖೆ, ಯಾರಿಗೆ ಬಡ್ತಿ ಅಂತ ತೀರ್ಮಾನ ಮಾಡುವುದು ಎರಡನೆಯವರು.

ನಿಮಗೆ ಒಂದು ಬ್ಯಾಂಕಿನ ನಿಜ ಸ್ಥಿತಿ ತಿಳಿಯಬೇಕಾದರೆ ಮಹಿಳಾ ದಿನದ ಜಾಹೀರಾತು ಬಿಡಿ. ವಾರ್ಷಿಕ ವರದಿಯ ಕೊನೆಯ ಕಡೆ ಬಿಆರ್‌ಎಸ್‌ಆರ್ ಅಂತ ಒಂದು ಭಾಗ ಇರುತ್ತದೆ, ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ವರದಿ. 2022–23ರಿಂದ ದೊಡ್ಡ ಸಾವಿರ ಕಂಪನಿಗಳಿಗೆ ಅದು ಕಡ್ಡಾಯ. ಅದರಲ್ಲಿ ಮಂಡಳಿಯಲ್ಲಿ ಎಷ್ಟು ಮಹಿಳೆಯರು, ಉನ್ನತ ನಿರ್ವಹಣೆಯಲ್ಲಿ ಎಷ್ಟು ಅಂತ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಹೆರಿಗೆ ರಜೆ ಮುಗಿಸಿ ಎಷ್ಟು ಮಂದಿ ವಾಪಸ್ ಬಂದರು, ಬಂದವರಲ್ಲಿ ಎಷ್ಟು ಮಂದಿ ಉಳಿದರು ಅನ್ನುವ ಸಾಲೂ ಇದೆ. ನಾನು ಮೊದಲು ಓದುವುದು ಆ ಸಾಲನ್ನೇ. ಆದರೆ ಸ್ಕೇಲ್‌ವಾರು ಎಷ್ಟು ಮಹಿಳೆಯರು ಬಡ್ತಿಗೆ ಅರ್ಜಿ ಹಾಕಿದರು, ಎಷ್ಟು ಮಂದಿ ಅರ್ಜಿಯನ್ನೇ ಹಾಕಲಿಲ್ಲ ಅನ್ನುವುದನ್ನು ಅಲ್ಲಿ ಕೇಳುವುದಿಲ್ಲ. ಕೇಳಬೇಕಾಗಿರುವುದು ಅದನ್ನೇ.

ಐಸಿಐಸಿಐ 2016ರಲ್ಲಿ ಒಂದು ವರ್ಷದವರೆಗೆ ಮನೆಯಿಂದ ಕೆಲಸ ಮಾಡುವ ಅವಕಾಶ ಕೊಟ್ಟಿತು. ಕೆಲಸದ ಪ್ರವಾಸಕ್ಕೆ ಹೋಗುವ ತಾಯಿ ಮೂರು ವರ್ಷದೊಳಗಿನ ಮಗುವನ್ನೂ ಅದನ್ನು ನೋಡಿಕೊಳ್ಳುವವರನ್ನೂ ಕರೆದೊಯ್ದರೆ ಖರ್ಚು ಬ್ಯಾಂಕ್‌ನದ್ದು ಅಂದಿತು. ಇದು ಮನೆ ಹತ್ತಿರ ಪೋಸ್ಟಿಂಗ್ ಕೊಡುವುದಕ್ಕಿಂತ ಒಂದು ಹೆಜ್ಜೆ ಮುಂದೆ, ಯಾಕಂದ್ರೆ ಅನುಭವ ತಪ್ಪಿಸದೆ ಕಷ್ಟ ಕಡಿಮೆ ಮಾಡುತ್ತದೆ. ಸರ್ಕಾರಿ ಬ್ಯಾಂಕ್‌ಗಳಲ್ಲಿ ಹೆಂಡತಿಗೆ ವರ್ಗಾವಣೆಯಾದರೆ ಗಂಡ ಜೊತೆಗೆ ಹೋಗುವಂತೆ ಮಾಡುವ ಏರ್ಪಾಡು ಬೇಕು. ಆಯಾ ನಗರದಲ್ಲೇ ದೊಡ್ಡ ಸಾಲದ ವಿಭಾಗದಲ್ಲಿ ಕೆಲಸ ಕೊಟ್ಟು ಅದನ್ನೂ ಊರು ಸುತ್ತಿದ ಅನುಭವಕ್ಕೆ ಸಮ ಅಂತ ಎಣಿಸಬೇಕು. ಇನ್ನೂರು ಕಿಲೋಮೀಟರ್ ಒಳಗೇ ಬೇರೆ ಬೇರೆ ಥರದ ಶಾಖೆಗಳು ಇರುವಾಗ ಹಾಸನದವರನ್ನು ಪಟ್ನಾಗೇ ಕಳಿಸಬೇಕಾದ ಕಾರಣ ಏನು ಅಂತ ಬ್ಯಾಂಕ್‌ಗಳು ವಿವರಿಸಬೇಕು.

ಇದಕ್ಕೆಲ್ಲ ಈಗಲೇ ಸಮಯ. 2011–12ರಲ್ಲಿ ಹೊಸ ನೇಮಕದ ಅಲೆಯಲ್ಲಿ 24–25ಕ್ಕೆ ಸೇರಿದ ಹುಡುಗಿಯರಿಗೆ ಈಗ ನಲವತ್ತು ಹತ್ತಿರ. ಅವರಲ್ಲಿ ಎಷ್ಟೋ ಮಂದಿ ಇರುವುದು ಸ್ಕೇಲ್ 3ರಲ್ಲಿ. 2040ರ ಸುಮಾರಿಗೆ ಎಂಡಿ ಆಗಬಲ್ಲವರು ಅವರ ನಡುವೆಯೇ ಇದ್ದಾರೆ. ಈ ಒಂದೆರಡು ವರ್ಷದ ಬಡ್ತಿ ಸರ್ಕ್ಯುಲರ್‌ಗಳಿಗೆ ಅವರಲ್ಲಿ ಎಷ್ಟು ಮಂದಿ ಅರ್ಜಿ ಹಾಕುತ್ತಾರೆ, ಎಷ್ಟು ಮಂದಿ ಮಗಳ ಟೆನ್ತ್ ಮುಗಿಯಲಿ ಅಂತ ಬಿಡುತ್ತಾರೆ ಅನ್ನುವುದರ ಮೇಲೆ ಆ ವರ್ಷದ ಪಟ್ಟಿ ನಿಂತಿದೆ.